ಸೈಲೆನ್ಸರ್ ಒಳಗಿನ ಮಳೆ

ಜೆ.ಸಿ. ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಮೆಕ್ಯಾನಿಕ್ ಒಬ್ಬ ನನ್ನ ಹಳೇ ಸ್ಕೂಟರಿನ ಸೈಲೆನ್ಸರ್ ಬಿಚ್ಚಿ ನೆಲಕ್ಕೆ ಕುಟ್ಟಿದ. ಒಳಗಿಂದ ಬೊಗಸೆ ತುಂಬ ಕೆಂಪು ಪುಡಿ ಉದುರಿತು. ಅದನ್ನು ಚಪ್ಪಲಿಯಲ್ಲಿ ಸರಿಸುತ್ತಾ ಕೇಳಿದ: "ಗಾಡಿ ಜಾಸ್ತಿ ಓಡ್ಸಲ್ಲ ಅಲ್ವಾ ಸಾರ್?" ಹೌದು, ದಿನಾ ಬೆಳಿಗ್ಗೆ ಹಾಲಿಗೆ ಅರ್ಧ ಕಿಲೋಮೀಟರ್, ಸಂಜೆ ತರಕಾರಿಗೆ ಅರ್ಧ ಕಿಲೋಮೀಟರ್, ಅಷ್ಟೇ. "ಅದಕ್ಕೇ ಹಿಂಗಾಗಿರೋದು. ದಿನಾ ಹೊಸಕೋಟೆಗೆ ಹೋಗ್ಬರೋರ ಸೈಲೆನ್ಸರ್ ಹಿಂಗಾಗಲ್ಲ."

ಕಡಿಮೆ ಓಡಿಸಿದ ಗಾಡಿ ಹೆಚ್ಚು ಕೆಡುತ್ತದೆ ಎಂಬುದು ಮೊದಲ ಬಾರಿಗೆ ಕೇಳಿದವರಿಗೆ ತಲೆಕೆಳಗಾದ ಮಾತು. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಕಿಲೋ ನೀರು ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ಕಾಯುವ ಮೊದಲೇ ಗಾಡಿ ನಿಲ್ಲಿಸಿದರೆ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಒಳಗೇ ಕೂರುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಸಿಗ್ನಲ್‌ನಲ್ಲಿ ನಿಂತ ಕಾರುಗಳ ಬಾಲದಿಂದ ತೊಟ್ಟಿಕ್ಕುವ ನೀರು ಇದೇ.

ಈ ಮಾತು ನೆನಪಾಗಿದ್ದು ಸ್ಕಾಟ್ಲೆಂಡಿನಿಂದ ಗೆಳೆಯ ಕಳಿಸಿದ ಫೋಟೋ ನೋಡಿದಾಗ. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವನು, ಈಗ ಅಲ್ಲಿ ಜಿಂಕೆ ಬೇಟೆಯ ಲೈಸೆನ್ಸ್ ಇಟ್ಟುಕೊಂಡಿದ್ದಾನೆ. ರೈಫಲ್ಲಿನ ಮೂತಿಗೆ ಮಾಡರೇಟರ್, ಅಂದರೆ ಕೋವಿಯ ಸೈಲೆನ್ಸರ್, ಹಾಕಿಯೇ ಗುಂಡು ಹೊಡೆಯುವುದು ಅಲ್ಲಿನ ವಾಡಿಕೆ. ಫೋಟೋದಲ್ಲಿ ನಳಿಗೆಯ ತುದಿಯ ಮರೆ (ಮಾಡರೇಟರ್ ತಿರುಗಿಸಿ ಕೂರಿಸುವ ತಿರುಪಿನ ಗೆರೆಗಳು) ಸುತ್ತ ಸಿಡುಬಿನ ಕಲೆಯಂತೆ ಗುಳಿಗಳು. "ಮಳೇಲಿ ಒಂದು ದಿನಾನೂ ನೆನೆಸಿಲ್ಲ ಕಣೋ. ವರ್ಷಕ್ಕೆ ಹೊಡೆಯೋದೇ ಮೂವತ್ತು ನಲವತ್ತು ಗುಂಡು. ಆದ್ರೂ ಹೇಗೆ?" ಉತ್ತರ ಅವನ ಪ್ರಶ್ನೆಯೊಳಗೇ ಇತ್ತು.

ಎರಡು ಸೈಲೆನ್ಸರ್‌ಗಳಿಗೂ ನೆಂಟಸ್ತಿಕೆ ಇದೆ. ಮ್ಯಾಕ್ಸಿಂ ಮೆಷಿನ್‌ಗನ್ ಕಂಡುಹಿಡಿದ ಹೈರಂ ಮ್ಯಾಕ್ಸಿಂ ಅವರ ಮಗ ಹೈರಂ ಪರ್ಸಿ ಮ್ಯಾಕ್ಸಿಂ 1909ರಲ್ಲಿ ಅಮೆರಿಕದಲ್ಲಿ ಕೋವಿಯ ಸೈಲೆನ್ಸರ್‌ಗೆ ಪೇಟೆಂಟ್ ಪಡೆದ. ಅದೇ ತತ್ವವನ್ನು ಇಂಜಿನ್‌ಗಳ ಹೊಗೆಕೊಳವೆಗೂ ಬಳಸಿದ. ಅಪ್ಪ ಸದ್ದು ಮಾಡಿದ, ಮಗ ಅದನ್ನು ತಗ್ಗಿಸಿದ. ಬ್ರಿಟನ್ನಿನವರು ಇದನ್ನು ಮಾಡರೇಟರ್ ಎನ್ನುತ್ತಾರೆ, ನನಗೂ ಆ ಹೆಸರೇ ಸರಿ ಅನ್ನಿಸುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ 'ಪುಸ್' ಅಂತ ಕೇಳುವುದೆಲ್ಲ ಕಟ್ಟುಕತೆ. ದೊಡ್ಡ ರೈಫಲ್ಲಿನ ಸದ್ದು 160 ಡೆಸಿಬೆಲ್ ಮೀರುತ್ತದೆ, ಮಾಡರೇಟರ್ ಅದರಿಂದ 20ರಿಂದ 30ರಷ್ಟು ಕಳೆಯುತ್ತದೆ. ಕಿವಿ ಉಳಿಯುತ್ತದೆ, ಆದರೆ ಸದ್ದು ಸದ್ದೇ.

ಇದನ್ನು ಓದಿ ಯಾರೂ ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಮಾಡರೇಟರ್ ಹುಡುಕಿಕೊಂಡು ಹೋಗಬಾರದು. ನಮ್ಮ ಆಯುಧ ನಿಯಮಗಳಲ್ಲಿ ಬಂದೂಕಿನ ಸದ್ದು ಅಥವಾ ಮಿಂಚು ತಗ್ಗಿಸುವ ಬಿಡಿಭಾಗಗಳು ಮೊದಲ ಅನುಸೂಚಿಯ ಮೊದಲ ವರ್ಗದಲ್ಲಿ, ನಿಷೇಧಿತ ಆಯುಧಗಳ ಸಾಲಿನಲ್ಲೇ ಇವೆ. ನಾರ್ವೆ, ಫಿನ್ಲೆಂಡ್, ನ್ಯೂಜಿಲೆಂಡ್, ಬ್ರಿಟನ್‌ಗಳಲ್ಲಿ ಕಾನೂನುಬದ್ಧವಾಗಿ ಇಟ್ಟುಕೊಂಡಿರುವ ನಮ್ಮವರಿಗೆ ಇದು ನೇರ ಉಪಯೋಗಕ್ಕೆ. ಬೆಂಗಳೂರಿನಲ್ಲಿ ಏರ್ ರೈಫಲ್ ಇರುವವರಿಗೆ, ಊರಲ್ಲಿ ತೋಟ ಕಾಯುವ ಕೋವಿ ಇರುವವರಿಗೆ ಇಲ್ಲಿನ ಮುಕ್ಕಾಲು ಪಾಲು ಅನ್ವಯಿಸುತ್ತದೆ. ತೇವ ಲೈಸೆನ್ಸ್ ಕೇಳುವುದಿಲ್ಲ.

ಈಗ ಒಳಗೆ ಏನಾಗುತ್ತದೆ ನೋಡೋಣ. ಮಾಡರೇಟರ್ ಅಂದರೆ ಒಂದು ಕೊಳವೆ, ಅದರೊಳಗೆ ಸಾಲಾಗಿ ತಡೆಗೋಡೆಗಳು, ನಟ್ಟ ನಡುವೆ ಗುಂಡು ಹಾದುಹೋಗುವಷ್ಟು ತೂತು. ಗುಂಡಿನ ಹಿಂದೆಯೇ ನುಗ್ಗುವ ಬಿಸಿ ಅನಿಲ ಆ ಗೋಡೆಗಳಿಗೆ ಬಡಿದು, ಸುತ್ತಿ, ಹಿಗ್ಗಿ, ತಣ್ಣಗಾಗಿ ನಿಧಾನಕ್ಕೆ ಹೊರಬೀಳುತ್ತದೆ. ಸದ್ದು ಕಡಿಮೆಯಾಗುವುದೇ ಅನಿಲ ಒಳಗೆ ತಡೆದು ನಿಲ್ಲುವುದರಿಂದ. ತುಕ್ಕು ಹಿಡಿಯುವುದೂ ಅದೇ ಕಾರಣಕ್ಕೆ. ಹೊಗೆಯಿಲ್ಲದ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಗೆ ನೈಟ್ರಿಕ್ ಆಮ್ಲದ ಸಂಸ್ಕಾರ ಕೊಟ್ಟದ್ದು. ಅದು ಉರಿದಾಗ ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್, ಸಾರಜನಕ, ಜಲಜನಕದ ಜೊತೆಗೆ ನೀರಾವಿಯೂ ಬರುತ್ತದೆ. ತೂಕದಲ್ಲಿ ಅದು ಸುಮಾರು ಹತ್ತನೇ ಒಂದು ಭಾಗ. ಬೇಟೆಯ ರೈಫಲ್ಲಿನ ಒಂದು ತೋಟಾದಲ್ಲಿ ಎರಡೂವರೆ ಮೂರು ಗ್ರಾಂ ಮದ್ದು ಇರುತ್ತದೆ, ಹಾಗಾಗಿ ಒಂದು ಗುಂಡಿಗೆ ಐದಾರು ಹನಿ ನೀರು. ಬಹುಪಾಲು ಗಾಳಿಗೆ ಹೋಗುತ್ತದೆ. ಉಳಿದದ್ದು ತಣ್ಣನೆಯ ಗೋಡೆ ಸಿಕ್ಕಲ್ಲಿ ಕೂರುತ್ತದೆ.

ಗುರಿ ಅಭ್ಯಾಸಕ್ಕೆ ಹೋಗಿ ಒಂದೇ ಸಮನೆ ನಲವತ್ತು ಗುಂಡು ಹೊಡೆದವನ ಮಾಡರೇಟರ್ ಕೈಯಲ್ಲಿ ಮುಟ್ಟಲಾಗದಷ್ಟು ಕಾದಿರುತ್ತದೆ. ಅದನ್ನು ಬಿಸಿಯಿರುವಾಗಲೇ ಜೋಪಾನವಾಗಿ ತೆಗೆದು ಗಾಳಿಗಿಟ್ಟರೆ ತಾನೇ ಒಣಗುತ್ತದೆ. ನನ್ನ ಗೆಳೆಯ ಹಾಗಲ್ಲ. ನಾಲ್ಕು ಡಿಗ್ರಿ ಚಳಿಯಲ್ಲಿ ಮೂರು ಗಂಟೆ ಕಾದು ಒಂದೇ ಗುಂಡು ಹೊಡೆಯುತ್ತಾನೆ. ಲೋಹ ಬೆಚ್ಚಗೂ ಆಗುವುದಿಲ್ಲ, ಆವಿಯೆಲ್ಲ ಹನಿಯಾಗುತ್ತದೆ. ಆಮೇಲೆ ಮಾಡರೇಟರ್ ಸಮೇತ ರೈಫಲ್ಲನ್ನು ಚೀಲಕ್ಕೆ ತುರುಕಿ ಕಾರಿನ ಡಿಕ್ಕಿಯಲ್ಲಿಟ್ಟು ಮನೆಗೆ ಬರುತ್ತಾನೆ. ಥೇಟ್ ನನ್ನ ಹಾಲಿನ ಸ್ಕೂಟರ್.

ಹನಿ ಮಾತ್ರ ಇದ್ದಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಒಳಗಿನ ಮಸಿಯೂ ಇದೆ. ಅದು ಸ್ಪಂಜಿನ ಹಾಗೆ ತೇವವನ್ನು ಹಿಡಿದು ಲೋಹಕ್ಕೆ ಒತ್ತಿ ಇಡುತ್ತದೆ. ಜೊತೆಗೆ ಇಂಗಾಲ ವಿದ್ಯುತ್ ಹರಿಯಲು ಬಿಡುವ ವಸ್ತು. ಒದ್ದೆ ಮಸಿಯ ಪಕ್ಕದ ಉಕ್ಕು ಪುಟ್ಟ ಬ್ಯಾಟರಿಯ ಒಂದು ಧ್ರುವವಾಗಿ ಕರಗುತ್ತಾ ಹೋಗುತ್ತದೆ. ಮಾಡರೇಟರ್ ಅಲ್ಯೂಮಿನಿಯಮ್ಮಿನದಾಗಿದ್ದು ನಳಿಗೆ ಉಕ್ಕಿನದಾಗಿದ್ದರೆ ಮರೆಯ ಜಾಗದಲ್ಲಿ ಇನ್ನೊಂದು ಬ್ಯಾಟರಿ ಹುಟ್ಟುತ್ತದೆ. ಅಲ್ಲಿ ಬಲಿಯಾಗುವುದು ಅಲ್ಯೂಮಿನಿಯಂ, ಬಿಳಿ ಹಿಟ್ಟಿನಂಥ ಪುಡಿಯಾಗಿ. ಆ ಪುಡಿ ಮರೆಯೊಳಗೆ ಗಟ್ಟಿಯಾದರೆ ಮಾಡರೇಟರ್ ಬಿಚ್ಚಲು ಬರುವುದೇ ಇಲ್ಲ.

"ನಂದು ಸ್ಟೇನ್‌ಲೆಸ್ ಸ್ಟೀಲ್, ಯೋಚನೆ ಇಲ್ಲ" ಎನ್ನುವವರೂ ಇದ್ದಾರೆ. ಅಡುಗೆಮನೆಯ ಲೋಟಕ್ಕೂ ನಳಿಗೆಗೂ ಹೆಸರೊಂದೇ, ಲೋಹ ಬೇರೆ. ಲೋಟದಲ್ಲಿ ಕ್ರೋಮಿಯಂ ಸುಮಾರು 18 ಪ್ರತಿಶತ, ಜೊತೆಗೆ ನಿಕ್ಕಲ್. ನಳಿಗೆಗೆ ಸಾಮಾನ್ಯವಾಗಿ ಬಳಸುವ 416 ಉಕ್ಕಿನಲ್ಲಿ ಕ್ರೋಮಿಯಂ 12ರಿಂದ 14, ಕೊರೆಯಲು ಸುಲಭವಾಗಲೆಂದು ಸ್ವಲ್ಪ ಗಂಧಕವೂ ಸೇರಿರುತ್ತದೆ. ಅದು ನಿಧಾನಕ್ಕೆ ತುಕ್ಕು ಹಿಡಿಯುವ ಉಕ್ಕು, ಅಷ್ಟೇ. ಕಪ್ಪು ಬ್ಲೂಯಿಂಗ್ ಮಾಡಿದ ನಳಿಗೆಯ ಕತೆಯೂ ಹಾಗೆಯೇ. ಬ್ಲೂಯಿಂಗ್ ಅನ್ನುವುದೂ ಒಂದು ಬಗೆಯ ತುಕ್ಕೇ, ಕಪ್ಪು ತುಕ್ಕು. ಅದರ ಸೂಕ್ಷ್ಮ ರಂಧ್ರಗಳು ಎಣ್ಣೆ ಕುಡಿದಾಗ ಮಾತ್ರ ಲೋಹವನ್ನು ಕಾಯುತ್ತವೆ. ದೋಸೆ ಕಾವಲಿಗೆ ಎಣ್ಣೆ ಸವರಿ ಪಳಗಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೈಟಾನಿಯಂ ಮಾಡರೇಟರ್ ಆದರೆ ತಾನು ಕೆಡುವುದಿಲ್ಲ, ಆದರೆ ಒಳಗಿನ ತೇವ ಪಕ್ಕದ ನಳಿಗೆಯನ್ನು ಕೆಡಿಸಲು ಅದರದ್ದೇನೂ ಅಡ್ಡಿಯಿಲ್ಲ.

ಮಾಡರೇಟರ್‌ಗಳಲ್ಲಿ ಎರಡು ಜಾತಿ. ಒಂದು ಮೂತಿಯಿಂದ ಮುಂದಕ್ಕೆ ಮಾತ್ರ ಚಾಚುತ್ತದೆ. ಇನ್ನೊಂದು ಉದ್ದ ಉಳಿಸಲೆಂದು ನಳಿಗೆಯ ಮೇಲೇ ಹಿಂದಕ್ಕೂ ತೋಳು ಹಾಕಿದ ಹಾಗೆ ಬರುತ್ತದೆ. ಗೆಳೆಯನದು ಎರಡನೆಯದು. ಅದರಲ್ಲಿ ನಳಿಗೆಯ ತುದಿಯ ಭಾಗ ಹೊರಗಿನಿಂದಲೂ ಒಳಗಿನಿಂದಲೂ ತೇವದಲ್ಲಿರುತ್ತದೆ. ಕಣ್ಣಿಗೆ ಕಾಣದ ಕಾರಣ ಯಾರೂ ಒರೆಸುವುದಿಲ್ಲ. ಒಳ್ಳೆ ವಿನ್ಯಾಸವೇ, ಬಿಚ್ಚದೆ ಇಡುವವರಿಗೆ ಮಾತ್ರ ಶತ್ರು.

ಹಾಗಾದರೆ ಮಾಡಬೇಕಾದ್ದು? ಮುಖ್ಯವಾದ ಕೆಲಸ ಒಂದೇ: ಬಿಚ್ಚುವುದು. ರೈಫಲ್ ಖಾಲಿ ಎಂದು ಬೋಲ್ಟ್ (ತೋಟಾ ಹಾಕುವ ಬಾಯಿಯ ಮುಚ್ಚಳ) ತೆಗೆದು ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಚಿತ ಮಾಡಿಕೊಂಡ ಮೇಲೆ, ಚೀಲಕ್ಕೆ ಹಾಕುವ ಮೊದಲು, ಮನೆಗೆ ಬಂದ ಮೇಲಲ್ಲ, ಅಲ್ಲೇ ಮಾಡರೇಟರ್ ಬಿಚ್ಚಬೇಕು. ಎಷ್ಟೇ ದುಬಾರಿ ಎಣ್ಣೆ ತಂದರೂ ಈ ಅರ್ಧ ನಿಮಿಷದ ಕೆಲಸಕ್ಕೆ ಸಾಟಿಯಿಲ್ಲ. ಎರಡೂ ಬೇರೆ ಬೇರೆ ಬರಲಿ. ಮನೆಗೆ ಬಂದ ಮೇಲೆ ಮಾಡರೇಟರನ್ನು ತೊಳೆದ ಸ್ಟೀಲ್ ಲೋಟ ಬೋರಲು ಹಾಕುವ ಹಾಗೆ, ಕೆಳಗೆ ಗಾಳಿಯಾಡುವಂತೆ ಜಾಲರಿಯ ಮೇಲೆ ನಿಲ್ಲಿಸಿ ಬೆಚ್ಚಗಿನ ಜಾಗದಲ್ಲಿ ಒಣಗಿಸಬೇಕು. ಲಾಕರ್‌ಗೆ ಸೇರಬೇಕಾದ್ದು ಪೂರ್ತಿ ಒಣಗಿದ ಮೇಲೆ. ಒಣಗುವ ತನಕ ಕಣ್ಣೆದುರೇ ಇರಬೇಕು.

ನಳಿಗೆಗೆ ಮೂತಿಯ ಅಂಚು ಬಹಳ ನಾಜೂಕಿನ ಜಾಗ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಅದನ್ನೇ. ಅಂಚಿನ ಒಂದು ಬದಿಯಲ್ಲಿ ಗುಳಿ ಬಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಹಾಗಾಗಿ ಒಣ ಬಟ್ಟೆಯ ತುಂಡು ಒಂದೆರಡನ್ನು ನಳಿಗೆಯೊಳಗೆ ಹಾಯಿಸಿ, ಮರೆಯನ್ನು ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ತೆಳುವಾಗಿ ಎಣ್ಣೆ ಸವರಬೇಕು. ರೈಫಲ್ಲನ್ನು ಮೊದಲ ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸುವುದು ಒಳ್ಳೆಯದು, ಎಣ್ಣೆ ಮತ್ತು ಹನಿ ಹಿಂದಕ್ಕೆ ಹರಿದು ಬೋಲ್ಟಿಗೂ ಮರದ ಹಿಡಿಗೂ ಇಳಿಯುವುದಿಲ್ಲ.

ಮಾಡರೇಟರ್ ಒಳಕ್ಕೆ ಎಣ್ಣೆ ಸಿಂಪಡಿಸುವುದರ ಬಗ್ಗೆ ಎರಡು ಪಂಗಡಗಳಿವೆ. ನನ್ನ ಮಟ್ಟಿಗೆ, ಉಕ್ಕಿನ ಒಳಭಾಗ ಇದ್ದರೆ ಚೂರೇ ಚೂರು ಸಿಂಪಡಿಸಿ ಬಸಿಯಲು ಬಿಡಬೇಕು. ಸುರಿದರೆ ಮುಂದಿನ ಮೊದಲ ಗುಂಡಿಗೆ ಹೊಗೆ ಕಾರುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲಿದೆ. 1953ರಲ್ಲಿ ನೀರನ್ನು ಓಡಿಸಲೆಂದು ಮಾಡಿದ ನಲವತ್ತನೇ ಪ್ರಯತ್ನ ಎಂಬುದೇ ಅದರ ಹೆಸರು. ನೀರು ಓಡಿಸಲು ಸರಿ, ತಿಂಗಳುಗಟ್ಟಲೆ ಕಾಯಲು ಅದು ಸಾಲದು, ಮೇಲೆ ಬೇರೆ ಎಣ್ಣೆ ಬೇಕು. ತೆಂಗಿನೆಣ್ಣೆ ಮಾತ್ರ ಬೇಡ. ಊರ ಕಡೆ ಕೋವಿಗೆ ಅದನ್ನೇ ಹಚ್ಚುವವರನ್ನು ನೋಡಿದ್ದೇನೆ. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಳಸಿದರೆ ಆಮ್ಲವಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಅದಕ್ಕಿಂತ ನೂರು ಪಾಲು ವಾಸಿ.

ಪುಟ್ಟ 22 ಬೋರ್ ರೈಫಲ್ಲಿನ ಮಾಡರೇಟರ್ ಒಳಗೆ ಸೀಸ ಮತ್ತು ಮೇಣ ಮೆತ್ತಿಕೊಳ್ಳುತ್ತದೆ, ಅದನ್ನು ಬಿಚ್ಚಿ ಕೆರೆಯಲೇಬೇಕು. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಅದ್ದಿಟ್ಟರೆ ಸೀಸ ಕರಗುತ್ತದೆ ಎಂಬ ಸಲಹೆ ಓಡಾಡುತ್ತಿರುತ್ತದೆ. ಕರಗುವುದು ನಿಜ. ಆದರೆ ಹುಟ್ಟುವ ಲೆಡ್ ಅಸಿಟೇಟ್ ಚರ್ಮದ ಮೂಲಕವೂ ಒಳಹೋಗುವ ವಿಷ. ಮನೆಯ ಸಿಂಕ್‌ಗೆ ಸುರಿಯುವ ವಸ್ತುವಲ್ಲ. ಕೈಗವಸು ಹಾಕಿ, ತೇವ ಮಾಡಿಕೊಂಡು ಕೈಯಲ್ಲೇ ಕೆರೆಯುವುದು ಲೇಸು. ಅಲ್ಯೂಮಿನಿಯಂ ಗೋಡೆಗಳಿದ್ದರೆ ಅಮೋನಿಯಾ ಇರುವ ತಾಮ್ರ ತೆಗೆಯುವ ದ್ರಾವಣಗಳನ್ನೂ ದೂರ ಇಡಬೇಕು.

ಮರಳಿ ಹಾಕುವಾಗ ಮರೆಯ ಮೇಲೂ ಅದರ ಹಿಂದಿನ ಭುಜದ (ಮಾಡರೇಟರ್ ಒತ್ತಿ ಕೂರುವ ಮೆಟ್ಟಿಲಿನ) ಮೇಲೂ ತುಕ್ಕಿನ ಚೂರು, ಮಸಿ ಇಲ್ಲವೆಂದು ನೋಡಲೇಬೇಕು. ಕೂದಲೆಳೆಯಷ್ಟು ಕಸ ಸಿಕ್ಕಿದರೂ ಮಾಡರೇಟರ್ ಓರೆಯಾಗಿ ಕೂರುತ್ತದೆ, ಗುಂಡು ಒಳಗಿನ ಗೋಡೆಗೆ ಬಡಿಯುತ್ತದೆ. ಇಲ್ಲಿ ತುಕ್ಕು ಅಂದಗೆಡಿಸುವ ವಿಷಯವಾಗಿ ಉಳಿಯದೆ ಪ್ರಾಣದ ವಿಷಯವಾಗುತ್ತದೆ. ಮರೆಗೆ ಒಂದು ಸಾಸಿವೆಯಷ್ಟು ಗ್ರೀಸ್ ಹಚ್ಚಿದರೆ ಕಚ್ಚಿಕೊಳ್ಳುವುದಿಲ್ಲ, ಆದರೆ ಗುಂಡು ಹೊಡೆಯುವಾಗ ಸಡಿಲವಾಗುತ್ತಿದೆಯೇ ಎಂದು ಆಗಾಗ ತಿರುಗಿಸಿ ನೋಡುತ್ತಿರಬೇಕು.

ಉಪ್ಪಿನ ವಿಷಯ ಒಂದಿಷ್ಟು. ಹಳೇ ಮಿಲಿಟರಿ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಗೆ ಅಂಟುತ್ತದೆ, ಅಂದರೆ ಅಡುಗೆ ಉಪ್ಪಿನ ಅಣ್ಣತಮ್ಮ. ಗಾಳಿಯ ತೇವಾಂಶ ಸುಮಾರು 84 ಪ್ರತಿಶತ ದಾಟಿದರೆ ಆ ಉಪ್ಪು ತಾನೇ ನೀರೆಳೆದು ಕರಗುತ್ತದೆ. ಬೆಂಗಳೂರಿನ ಆಗಸ್ಟ್ ಬೆಳಗಿನಲ್ಲಿ ಅಷ್ಟು ತೇವ ಮಾಮೂಲು. ಎಣ್ಣೆಗೆ ಉಪ್ಪು ಕರಗುವುದಿಲ್ಲ. ಅದಕ್ಕೇ 303 ರೈಫಲ್ಲಿನ ಕಾಲದ ಸಿಪಾಯಿಗಳು ಆಲಿಕೆ ಇಟ್ಟು ನಳಿಗೆಗೆ ಕುದಿನೀರು ಸುರಿಯುತ್ತಿದ್ದರು. ಮಲೆನಾಡಿನ ಕೇಪಿನ ಕೋವಿಯವರೂ ಅದನ್ನೇ ಮಾಡುತ್ತಾರೆ. ಕರಿಮದ್ದಿನ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟ್ ಇನ್ನೂ ಕಡಿಮೆ ತೇವದಲ್ಲೇ ನೀರೆಳೆಯುತ್ತದೆ. ನೀರಿನಿಂದ ಬಂದ ಕೇಡನ್ನು ಮೊದಲು ನೀರಿನಿಂದಲೇ ತೊಳೆಯಬೇಕಾದ ವಿಚಿತ್ರ ಸಂದರ್ಭ ಇದು. ಇಂದಿನ ತೋಟಾಗಳಲ್ಲಿ ಈ ಉಪ್ಪು ಇರುವುದಿಲ್ಲ. ಬೆವರಿನ ಉಪ್ಪು ಮಾತ್ರ ಇದ್ದೇ ಇದೆ. ಹೆಬ್ಬೆರಳಿನ ಗುರುತು ಹಾಗೇ ತುಕ್ಕಾಗಿ ಮೂಡಿದ್ದನ್ನು ನಾನು ನೋಡಿದ್ದೇನೆ.

ಆ ಗುರುತು ನನ್ನದೇ ಏರ್ ರೈಫಲ್ ಮೇಲೆ. ಸ್ಪಂಜು ತುಂಬಿದ ಚೆಂದದ ಪೆಟ್ಟಿಗೆಯಲ್ಲಿ ಜೂನ್‌ನಲ್ಲಿ ಮುಚ್ಚಿಟ್ಟು ಮಂಚದ ಕೆಳಗೆ ತಳ್ಳಿದವನು ಆಯುಧಪೂಜೆಗೆ ತೆಗೆದೆ. ನಾವು ಸಮುದ್ರದಿಂದ 900 ಮೀಟರಿಗೂ ಎತ್ತರದಲ್ಲಿದ್ದೇವೆ, ಉಪ್ಪುಗಾಳಿ ಇಲ್ಲ, ಬೆಂಗಳೂರಿನ ಹವೆ ಹಿತ ಎಂಬ ಧೈರ್ಯ. ಆದರೆ ಉಕ್ಕಿನ ಮೇಲೆ ತುಕ್ಕು ಚುರುಕಾಗುವುದು ತೇವಾಂಶ 60 ಪ್ರತಿಶತ ದಾಟಿದ ಮೇಲೆ. ಇಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದು ದಾಟಿಯೇ ಇರುತ್ತದೆ, ಹೆಚ್ಚು ಮಳೆ ಸುರಿಯುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸ್ಪಂಜು ಜೂನ್‌ನ ತೇವವನ್ನು ಕುಡಿದು ನಾಲ್ಕು ತಿಂಗಳು ರೈಫಲ್ಲಿಗೆ ಒತ್ತಿ ಹಿಡಿದಿತ್ತು. ಒಯ್ಯಲು ಪೆಟ್ಟಿಗೆ, ಇಡಲು ಗಾಳಿಯಾಡುವ ಕಪಾಟು. ಇದನ್ನು ಕಲಿಯಲು ನಾನು ಒಂದು ನಳಿಗೆಯ ಬಣ್ಣ ತೆತ್ತೆ.

ಪೂಜೆ ಮುಗಿಸಿ ಅದಕ್ಕೊಂದು ಕುಂಕುಮವನ್ನೂ ಇಟ್ಟಿದ್ದೆ. ಒಂದು ವಾರ ಒರೆಸಲಿಲ್ಲ. ನೀರಲ್ಲಿ ಕಲಸಿದ ಬೊಟ್ಟಿನ ಕೆಳಗೆ ಅಷ್ಟೇ ಗುಂಡನೆಯ ತುಕ್ಕು. ಭಕ್ತಿಗೆ ಅಡ್ಡಿಯಿಲ್ಲ, ಬೊಟ್ಟನ್ನು ಮರದ ಹಿಡಿಗೆ ಇಡಬಹುದು. ಕೊಡವರು ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತಾರೆ. ಮಳೆಗಾಲ ಇಳಿಯುವ ಹೊತ್ತಿಗೆ ಪ್ರತಿ ಮನೆಯ ಪ್ರತಿ ಕೋವಿಯೂ ಹೊರಬಂದು ಒರೆಸಿಕೊಳ್ಳುತ್ತದೆ. ವಾರ್ಷಿಕ ಸರ್ವೀಸ್‌ಗೆ ಇದಕ್ಕಿಂತ ಒಳ್ಳೆ ದಿನ ಯಾರೂ ಇಟ್ಟಿರಲಾರರು.

ಇಬ್ಬನಿಯ ಲೆಕ್ಕ ಸ್ಕಾಟ್ಲೆಂಡಿನಲ್ಲಿ ಒಂದು ದಿಕ್ಕು, ಇಲ್ಲಿ ಇನ್ನೊಂದು. ಅಲ್ಲಿ ಹೊರಗಿನ ಚಳಿಯಿಂದ ಬೆಚ್ಚಗಿನ ಮನೆಗೆ ತಂದ ತಕ್ಷಣ ಉಕ್ಕು ಬೆವರುತ್ತದೆ, ಫ್ರಿಜ್ಜಿನಿಂದ ತೆಗೆದ ತಂಬಿಗೆಯ ಹಾಗೆ. ಇಲ್ಲಿ ಎ.ಸಿ. ಕಾರಿನಲ್ಲಿ 20 ಡಿಗ್ರಿಗೆ ತಣಿದ ರೈಫಲ್ಲನ್ನು ಮಳೆ ನಿಂತ ಸಂಜೆಯ ಹೊರಗಾಳಿಗೆ ತೆಗೆದರೆ ಬೆವರುತ್ತದೆ. ಹೊರಗೆ 26 ಡಿಗ್ರಿ, ತೇವಾಂಶ 85 ಇದ್ದರೆ ಇಬ್ಬನಿ ಕಟ್ಟುವ ಮಟ್ಟ ಸುಮಾರು 23 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಲೋಹಕ್ಕೂ ಹನಿ ಕಟ್ಟದೆ ಇರದು. ಬೆವರು ನಿಲ್ಲುವ ತನಕ ಕಾದು ಒರೆಸಬೇಕು, ಎಣ್ಣೆ ಆಮೇಲೆ. ಒದ್ದೆಯ ಮೇಲೆ ಎಣ್ಣೆ ಹಚ್ಚಿದರೆ ನೀರಿಗೆ ಮುಚ್ಚಳ ಹಾಕಿದಂತೆ.

ಕಪಾಟಿಗೆ ಒಂದು ತೇವಮಾಪಕ ಇಡಿ, ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಸಿಕೊಂಡವರೆಲ್ಲ ಇಟ್ಟಿರುವಂಥದ್ದು. ಮುಳ್ಳು 50ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಸಿಲಿಕಾ ಜೆಲ್ ಚೀಲ ಹಾಕಿ ಮರೆತರೆ ಉಪಯೋಗವಿಲ್ಲ, ತುಂಬಿದ ಮೇಲೆ ಅದೂ ಒಂದು ಒದ್ದೆ ಬಟ್ಟೆ. ಕಿತ್ತಳೆ ಕಾಳು ಹಸಿರಾದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಇಲ್ಲಿನ ಏರ್ ರೈಫಲ್ಲಿನವರಿಗೆ ಮಾಡರೇಟರ್‌ಗಿಂತ ದೊಡ್ಡ ತೇವದ ಗುಹೆ ಇನ್ನೊಂದಿದೆ: ಗಾಳಿ ತುಂಬುವ ಸಿಲಿಂಡರ್. 200 ಮಿಲಿಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡ ತುಂಬಬೇಕೆಂದರೆ ಹೊರಗಿನ 40 ಲೀಟರ್ ಗಾಳಿಯನ್ನು ಹಿಂಡಿ ತುರುಕಬೇಕು. 25 ಡಿಗ್ರಿ, 80 ಪ್ರತಿಶತ ತೇವಾಂಶದ ದಿನ ಅಷ್ಟು ಗಾಳಿಯಲ್ಲಿ ಮುಕ್ಕಾಲು ಗ್ರಾಂ ನೀರಿರುತ್ತದೆ, ಹದಿನೈದು ಹನಿ. ಆದರೆ ಆ 200 ಮಿಲಿಲೀಟರ್ ಜಾಗದಲ್ಲಿ ಆವಿಯಾಗಿ ಉಳಿಯಬಲ್ಲದ್ದು ಒಂದು ಹನಿಯ ಹತ್ತನೇ ಒಂದು ಪಾಲು. ಮಿಕ್ಕಿದ್ದೆಲ್ಲ ನೀರಾಗಲೇಬೇಕು, ಪಂಪಿನಲ್ಲಿ ಅಥವಾ ಸಿಲಿಂಡರಿನಲ್ಲಿ. ಕೈಪಂಪಿನವರು ಐವತ್ತು ಒತ್ತಿಗೊಮ್ಮೆ ನಿಲ್ಲಿಸಿ, ಪಂಪ್ ತಣಿಯಲು ಬಿಟ್ಟು, ಕೆಳಗಿನ ಬಿರಡೆ ಬಿಚ್ಚಿ ನೀರು ಹೊರಗೆ ಬಿಡಬೇಕೆನ್ನುವುದು ಇದಕ್ಕೇ. ಸಾಧ್ಯವಾದರೆ ಮಳೆಗಾಲದಲ್ಲಿ ಸ್ಕೂಬಾದವರ ಒಣಗಾಳಿಯ ಸಿಲಿಂಡರಿನಿಂದ ತುಂಬಿಸಿಕೊಳ್ಳುವುದೇ ಕ್ಷೇಮ. ಒಳಗಿನ ತುಕ್ಕು ಕಾಣುವುದಿಲ್ಲ, ಅದರ ಮೇಲೆ 200 ಬಾರ್ ಒತ್ತಡ ಕೂತಿರುತ್ತದೆ.

ಇನ್ನೊಂದು ಮಾತು, ತುಕ್ಕಿಗೆ ಸೇರದ್ದು: ನಮ್ಮೂರಲ್ಲಿ ಗೂಡು ಕಟ್ಟುವ ಮಣ್ಣಿನ ಕಣಜಕ್ಕೆ ಪೆನ್ನಿನ ಮುಚ್ಚಳವೂ ಸಾಕು, ಬೀಗದ ತೂತೂ ಸಾಕು. ತೆರೆದ ನಳಿಗೆ ಅದಕ್ಕೆ ಅರಮನೆ. ಗಾಳಿಯಾಡಲೆಂದು ಹೊರಗಿಟ್ಟ ಕೋವಿಯನ್ನು ಬಳಸುವ ಮೊದಲು ಬೋಲ್ಟ್ ತೆಗೆದು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿ ನೋಡಿಯೇ ಮುಟ್ಟಬೇಕು.

ಗೆಳೆಯನ ರೈಫಲ್ಲನ್ನು ಅಲ್ಲಿನ ಕೋವಿ ಕಮ್ಮಾರನೊಬ್ಬ ನೋಡಿ, ಮೇಲಿನ ತುಕ್ಕಾದರೆ ಎಣ್ಣೆ ಹಾಕಿ ನಯವಾದ ಉಕ್ಕಿನ ಉಣ್ಣೆಯಲ್ಲಿ ತೆಗೆಯಬಹುದಿತ್ತು, ಗುಳಿಗೆ ಮದ್ದಿಲ್ಲ ಎಂದನಂತೆ. ಮೂತಿಯನ್ನು ಒಂದಿಂಚು ಕತ್ತರಿಸಿ, ಹೊಸ ಅಂಚು ತೀಡಿ, ಹೊಸ ಮರೆ ಕೊರೆದು, ದುರ್ಬೀನನ್ನು ಮತ್ತೆ ಗುರಿಗೆ ಕೂರಿಸಬೇಕಾಯಿತು. ಖರ್ಚು ಎಷ್ಟಾಯಿತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋದ ವಾರ ವಿಡಿಯೋ ಕರೆ ಮಾಡಿದ್ದ. ಅವನ ಹಿಂದೆ ಅಡುಗೆಮನೆಯ ಜಾಲರಿಯ ಮೇಲೆ ಎರಡು ಲೋಟ, ಒಂದು ಇಡ್ಲಿ ತಟ್ಟೆ, ಪಕ್ಕದಲ್ಲಿ ಮಾಡರೇಟರ್, ಎಲ್ಲವೂ ಬೋರಲು.